ತೊಟ್ಟಿಲಿಗೆ ಮುಂಚೆ, ತೊಟ್ಟಿಲ ನಂತರ

(ಮಹಿಳಾ ವೇದಿಕೆಯ ಮಾಸಿಕ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಲದ ವಿಷಯ 'ಮಗು ಮತ್ತು ತಂತ್ರಜ್ಞಾನ' ಎಂದು ಗೊತ್ತಾದಾಗ ಯಾರಾದರೂ ಡಾಕ್ಟರನ್ನು ಕರೆಯುತ್ತಾರೆ ಎಂದುಕೊಂಡಿದ್ದೆ. ನನ್ನನ್ನೇ ಕೇಳಿದಾಗ ಬೇಡ ಎಂದೆ. ನಾನು ಡಾಕ್ಟರಲ್ಲ, ವಕೀಲಳೂ ಅಲ್ಲ. ಬ್ಯಾಂಕಿನಲ್ಲಿ 33 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಆಮೇಲೆ ಮನೆಗೆ ಹೋಗಿ ಮಗಳ ಹತ್ತಿರ ಈ ಮಾತು ತೆಗೆದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ನೀನs ಮಾತಾಡು. ನಮ್ಮದೂ ಹೇಳು. ಇನ್ನ ಎಷ್ಟು ದಿವಸ ಮುಚ್ಚಿಡೋದು?" ಅಂದಳು. ಅವಳ ಒಪ್ಪಿಗೆ ಪಡೆದೇ ಇಲ್ಲಿ ನಿಂತಿದ್ದೇನೆ.

ನಮ್ಮ ಮೊಮ್ಮಗಳಿಗೆ ಈಗ ಮೂರು ವರ್ಷ. ನಿಮ್ಮಲ್ಲಿ ಬಹಳ ಜನ ಅವಳನ್ನು ದಸರಾ ಕಾರ್ಯಕ್ರಮದಲ್ಲಿ ನೋಡಿದ್ದೀರಿ, ಎತ್ತಿಕೊಂಡಿದ್ದೀರಿ. ಅವಳು ಐವಿಎಫ್‌ನಿಂದ ಹುಟ್ಟಿದ ಮಗು. ಈ ಒಂದು ವಾಕ್ಯ ಹೇಳಲು ನನಗೆ ಮೂರು ವರ್ಷ ಬೇಕಾಯಿತು.

ಮದುವೆಯಾಗಿ ಐದು ವರ್ಷ ಮಗಳಿಗೆ ಮಕ್ಕಳಾಗಲಿಲ್ಲ. ನಮ್ಮ ಧಾರವಾಡದ ಕಡೆ ಯಾರದೇ ಕುಬಸಕ್ಕೆ ಹೋದರೂ, ಇಲ್ಲಿ ಪಕ್ಕದ ಮನೆಯ ಡೋಹಾಳೆ ಜೇವಣಕ್ಕೆ ಹೋದರೂ ಅದೇ ಪ್ರಶ್ನೆ. "ವೈನಿ, ಮಗಳ ಕಡೆಯಿಂದ ಏನರೆ ಸಿಹಿ ಸುದ್ದಿ ಅದ ಏನು?" ಕೇಳುವವರಿಗೆ ಅದು ಕುಶಲ ಪ್ರಶ್ನೆ. ಮಗಳು ಮಾತ್ರ ಒಂದೊಂದಾಗಿ ಸಮಾರಂಭಗಳಿಗೆ ಬರುವುದನ್ನೇ ಬಿಟ್ಟಳು. ನಾನು ಮಾಡಿದ್ದೂ ಸರಿಯಲ್ಲ. ಮೊದಲ ಎರಡು ವರ್ಷ ಅವಳನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಅವಳಿಗೇ ರಕ್ತ ಪರೀಕ್ಷೆ, ಅವಳಿಗೇ ಸ್ಕ್ಯಾನ್, ಅವಳಿಗೇ ಉಪವಾಸ. ಅಳಿಯನ ಪರೀಕ್ಷೆ ಮಾಡಿಸೋಣ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಒಂದು ದಿನ ತಾವಾಗಿ ಹೋಗಿ ಮಾಡಿಸಿಕೊಂಡು ಬಂದರು. ಕಾರಣ ಇಬ್ಬರ ಕಡೆಯೂ ಸ್ವಲ್ಪ ಸ್ವಲ್ಪ ಇತ್ತು. ಗಂಡಸಿನ ಪರೀಕ್ಷೆ ಅತಿ ಸುಲಭದ್ದು, ಅಗ್ಗದ್ದು, ನೋವಿಲ್ಲದ್ದು. ಆದರೂ ನಮ್ಮ ಮನೆಗಳಲ್ಲಿ ಅದು ಕೊನೆಗೆ ಬರುತ್ತದೆ. ನಮ್ಮ ಭಾಷೆಯಲ್ಲಿ 'ಬಂಜೆ' ಎಂಬ ಶಬ್ದ ಎಲ್ಲರ ಬಾಯಲ್ಲಿದೆ. ಗಂಡಸಿಗೆ ಅಂಥ ಶಬ್ದ ನಮ್ಮ ದಿನದ ಮಾತಿನಲ್ಲಿ ಇದೆಯೇ, ಯೋಚಿಸಿ ನೋಡಿ.

ಆಮೇಲೆ ಐವಿಎಫ್. ಹೆಸರು ದೊಡ್ಡದಾದರೂ ಕ್ರಮ ಅರ್ಥವಾಗುವಂಥದ್ದೇ. ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡಾಣು ಬಲಿಯುತ್ತದೆ. ಇಂಜೆಕ್ಷನ್ ಕೊಟ್ಟು ಒಂದೇ ಸಲಕ್ಕೆ ಹಲವು ಬಲಿಯುವಂತೆ ಮಾಡುತ್ತಾರೆ. ಸೂಜಿಯಿಂದ ಅವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ವೀರ್ಯಾಣುವಿನ ಜೊತೆ ಸೇರಿಸುತ್ತಾರೆ. ಮೂರರಿಂದ ಐದು ದಿನ ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುತ್ತಾರೆ. ಉಳಿದ ಭ್ರೂಣಗಳನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಕಾಪಿಡುತ್ತಾರೆ. ನಮ್ಮ ಮನೆಯ ಫ್ರಿಜ್‌ನಲ್ಲಿ ಆ ಇಂಜೆಕ್ಷನ್ ಡಬ್ಬಿ ಕೊತ್ತಂಬರಿ ಸೊಪ್ಪಿನ ಹಿಂದೆ ಇರುತ್ತಿತ್ತು. ಯಾರಾದರೂ ಮನೆಗೆ ಬಂದರೆ ನಾನೇ ಅದನ್ನು ಇನ್ನೂ ಒಳಗೆ ಸರಿಸುತ್ತಿದ್ದೆ. ಮೊದಲ ಸಲ ಫಲಿಸಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಎರಡು ಭ್ರೂಣ ಬಿಟ್ಟರು, ಒಂದು ನಿಂತಿತು. ಅವಳೇ ನಮ್ಮ ಮೊಮ್ಮಗಳು. ನಾಮಕರಣದ ದಿನ ಒಬ್ಬರು, "ದೇವರು ಕಣ್ಣು ತೆರೆದ ನೋಡ್ರಿ, ಯಾವ ಡಾಕ್ಟರೂ ಬೇಕಾಗಲಿಲ್ಲ" ಎಂದರು. ನಾನು "ಹೌದ್ರಿ" ಎಂದೆ. ಮಗಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಇಷ್ಟು ಇಂಜೆಕ್ಷನ್ ಚುಚ್ಚಿಸಿಕೊಂಡದ್ದು ಅವಳು. ಅದನ್ನು ನಾನು ಒಂದು ಮಾತಿನಲ್ಲಿ ಅಳಿಸಿಬಿಟ್ಟೆ.

ಈ ಮುಚ್ಚಿಡುವಿಕೆ ನಮ್ಮ ದೇಶದಲ್ಲಿ ಐವಿಎಫ್‌ನಷ್ಟೇ ಹಳೆಯದು. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿತು. ಲೋಕ ಅವಳನ್ನು 'ದುರ್ಗಾ' ಎಂದು ಕರೆಯಿತು. ಭ್ರೂಣವನ್ನು ಘನೀಕರಿಸಿಟ್ಟು ಆಮೇಲೆ ಬಳಸುವ ಕ್ರಮವನ್ನು ಅವರು ಆಗಲೇ ಮಾಡಿದ್ದರು. ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಜಪಾನಿಗೆ ಹೋಗಿ ಹೇಳಲು ಬಿಡಲಿಲ್ಲ. ಕೊನೆಗೆ ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. ಮಗುವಿನ ತಂದೆತಾಯಿ ಸಮಾಜಕ್ಕೆ ಹೆದರಿ ಹೆಸರು ಹೊರಗೆ ಬಿಡದಿದ್ದುದೂ ಅವರಿಗೆ ಮುಳುವಾಯಿತು.

ಮುಂದೆ 1986ರ ಆಗಸ್ಟ್ 6ರಂದು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಡಾ. ಟಿ. ಸಿ. ಆನಂದ ಕುಮಾರ್ ಅವರ ತಂಡದಿಂದ ಒಂದು ಮಗು ಹುಟ್ಟಿತು. ಅದನ್ನೇ ಭಾರತದ ಮೊದಲ ಪ್ರನಾಳ ಶಿಶು ಎಂದು ಎಲ್ಲರೂ ಒಪ್ಪಿದರು. ಆನಂದ ಕುಮಾರ್ ಮುಂದೆ ಬೆಂಗಳೂರಿಗೆ ಬಂದು ನೆಲೆಸಿದವರು. ಅವರು ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಕೂತು ಓದಿದರು. 1997ರಲ್ಲಿ, ಮೊದಲಿಗರು ನಾವಲ್ಲ, ಅವರು ಎಂದು ತಾವೇ ಬರೆದು ಪ್ರಕಟಿಸಿದರು. ತನ್ನ ಹೆಸರಿನ ಮುಂದಿದ್ದ 'ಮೊದಲ' ಎಂಬ ಪದವನ್ನು ತಾನೇ ತೆಗೆದು ಇನ್ನೊಬ್ಬರಿಗೆ ಕೊಟ್ಟ ಮನುಷ್ಯ. ವಿಜ್ಞಾನದಲ್ಲಿ ನೀತಿ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ದುರ್ಗಾ ತನ್ನ 25ನೆಯ ವಯಸ್ಸಿನಲ್ಲಿ ತಾನೇ ಮುಂದೆ ಬಂದು ತನ್ನ ಹೆಸರು ಹೇಳಿಕೊಂಡಳು. ಅವಳಿಗೆ ಹೇಳಿಕೊಳ್ಳಲು ಏನೂ ನಾಚಿಕೆ ಇರಲಿಲ್ಲ. ನಾಚಿಕೆ ಹಿಂದಿನ ತಲೆಮಾರಿನದು, ಅಂದರೆ ನನ್ನಂಥವರದು.

ಈಗ ನಮ್ಮ ಪುಣೆಗೆ ಬರೋಣ. 2017ರ ಮೇ 18ರಂದು ಇಲ್ಲಿನ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ ಡಾ. ಶೈಲೇಶ್ ಪುಣತಾಂಬೇಕರ್ ಅವರ ತಂಡ ಭಾರತದ ಮೊದಲ ಗರ್ಭಕೋಶ ಕಸಿ ಮಾಡಿತು. ಮಾರನೆಯ ದಿನವೇ ವಡೋದರಾದ ಇನ್ನೊಬ್ಬ ಮಹಿಳೆಗೂ ಮಾಡಿದರು. ಗರ್ಭಕೋಶ ಕೊಟ್ಟವರು ಆಕೆಯ ಸ್ವಂತ ತಾಯಿ. ಐವಿಎಫ್‌ನಿಂದ ಗರ್ಭ ಧರಿಸಿ 2018ರ ಅಕ್ಟೋಬರ್ 18ರಂದು ಆಕೆ ಹೆಣ್ಣುಮಗುವನ್ನು ಹೆತ್ತರು. ತೂಕ 1,450 ಗ್ರಾಂ. ತಾನು ಒಂಬತ್ತು ತಿಂಗಳು ಇದ್ದ ಗರ್ಭಕೋಶದಲ್ಲೇ ತನ್ನ ಮಗಳನ್ನೂ ಬೆಳೆಸಿದ ತಾಯಿ. ಪೇಪರಿನಲ್ಲಿ ಓದಿದಾಗ ನನಗೆ ಮೈ ಜುಮ್ಮೆಂದಿತು. ಆಮೇಲೆ ಇನ್ನೊಂದು ಯೋಚನೆ ಬಂತು. ಇದು ಹೃದಯ, ಕಿಡ್ನಿಯ ಹಾಗೆ ಜೀವ ಉಳಿಸುವ ಕಸಿ ಅಲ್ಲ. ತಾಯಿಗೆ ದೊಡ್ಡ ಶಸ್ತ್ರಚಿಕಿತ್ಸೆ, ಮಗಳಿಗೆ ದೊಡ್ಡ ಶಸ್ತ್ರಚಿಕಿತ್ಸೆ, ದೇಹ ಆ ಅಂಗವನ್ನು ತಿರಸ್ಕರಿಸದಂತೆ ಪ್ರತಿದಿನ ಮಾತ್ರೆ. ಇಷ್ಟೆಲ್ಲ ಅವರು ತಾವಾಗಿ ಬಯಸಿದ್ದೋ, ಅಥವಾ ಮಗುವಿಲ್ಲದ ಹೆಂಗಸು ಅರ್ಧ ಹೆಂಗಸು ಎಂದು ನಾವು ನೂರು ಸಲ ಹೇಳಿದ್ದರಿಂದ ಬಯಸಿದ್ದೋ? ಆ ಕುಟುಂಬದ ಬಗ್ಗೆ ತೀರ್ಪು ಕೊಡುವ ಹಕ್ಕು ನನಗಿಲ್ಲ. ಆದರೆ ಮಗಳು ಕೇಳಿದ್ದರೆ ನಾನೂ ಕೊಡುತ್ತಿದ್ದೆ ಎಂಬುದು ನನಗೆ ಗೊತ್ತು. ಅಂಥ ತಾಯಿಗೆ 'ಇಲ್ಲ' ಎನ್ನುವ ಸ್ವಾತಂತ್ರ್ಯ ನಿಜವಾಗಿ ಇರುತ್ತದೆಯೇ ಎಂಬ ಪ್ರಶ್ನೆಯೂ ಆಗಲೇ ಹುಟ್ಟಿದ್ದು.

ಇನ್ನೊಂದು ಪ್ರಸಂಗವೂ ಪುಣೆಯದೇ. 2018ರ ಫೆಬ್ರವರಿಯಲ್ಲಿ ಇಲ್ಲಿ ಅವಳಿ ಮಕ್ಕಳು ಹುಟ್ಟಿದವು, ಒಂದು ಗಂಡು, ಒಂದು ಹೆಣ್ಣು. ಅವುಗಳ ತಂದೆ ಹುಟ್ಟಿಗೆ ಒಂದೂವರೆ ವರ್ಷ ಮೊದಲೇ ಮೆದುಳಿನ ಗಡ್ಡೆಯಿಂದ ತೀರಿಕೊಂಡಿದ್ದ, ಮದುವೆಯಾಗಿರಲಿಲ್ಲ. ಜರ್ಮನಿಯಲ್ಲಿ ಓದುತ್ತಿದ್ದಾಗ, ಕೀಮೋಥೆರಪಿಗೆ ಮೊದಲು, ಅಲ್ಲಿ ವೀರ್ಯ ಕಾಪಿಟ್ಟಿದ್ದರು. ಶಿಕ್ಷಕಿಯಾದ ತಾಯಿ ಅದನ್ನು ತರಿಸಿದರು. ದಾನಿಯ ಅಂಡಾಣು, ಸಂಬಂಧಿಕರೊಬ್ಬರ ಗರ್ಭ. ಮಗನನ್ನು ಕಳೆದುಕೊಂಡ ತಾಯಿ ಮೊಮ್ಮಕ್ಕಳನ್ನು ಪಡೆದರು. ಅದನ್ನು ಓದಿ ಕಣ್ಣೀರು ಹಾಕದವರಿಲ್ಲ. 2024ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟು ಇಂಥದ್ದೇ ಇನ್ನೊಂದು ಪ್ರಕರಣದಲ್ಲಿ, ತೀರಿಕೊಂಡ ಮಗನ ಕಾಪಿಟ್ಟ ವೀರ್ಯವನ್ನು ತಂದೆತಾಯಿಗೆ ಕೊಡಬೇಕೆಂದು ತೀರ್ಪು ಕೊಟ್ಟಿತು. ವೀರ್ಯದ ಒಡೆಯ ಒಪ್ಪಿಗೆ ಕೊಟ್ಟಿದ್ದರೆ ನಮ್ಮ ಕಾನೂನಿನಲ್ಲಿ ಅಡ್ಡಿಯಿಲ್ಲ ಎಂದಿತು. ಹೆತ್ತವರ ದುಃಖ ನನಗೆ ಅರ್ಥವಾಗುತ್ತದೆ. ಆದರೆ ಹುಟ್ಟುವ ಮಗು ಯಾರ ಬದಲಿಗೂ ಹುಟ್ಟಬಾರದು. ಅದು ತನ್ನ ಬಾಳು ತಾನು ಬಾಳಲು ಬರುತ್ತದೆ. 'ನಮ್ಮ ಮಗನೇ ಹುಟ್ಟಿ ಬಂದ' ಎಂಬ ಮಾತು ನಾವು ಪ್ರೀತಿಯಿಂದ ಹೇಳುತ್ತೇವೆ, ಆ ಮಗು ದೊಡ್ಡದಾದಂತೆ ಅದರ ಭಾರವೂ ಬೆಳೆಯುತ್ತದೆ.

ಕಾನೂನಿನ ಮಾತು ಬಂತು, ಮುಖ್ಯವಾದವನ್ನು ಹೇಳಿಬಿಡುತ್ತೇನೆ, ನಿಮ್ಮ ಮನೆಯ ಮಕ್ಕಳಿಗೆ ಉಪಯೋಗವಾಗಬಹುದು. 2021ರಲ್ಲಿ ಎರಡು ಕಾಯ್ದೆಗಳಾದವು. ಒಂದು ಐವಿಎಫ್‌ನಂಥ ನೆರವಿನ ಸಂತಾನ ಚಿಕಿತ್ಸೆಗೆ, ಇನ್ನೊಂದು ಬಾಡಿಗೆ ತಾಯ್ತನಕ್ಕೆ. ಎರಡೂ 2022ರ ಜನವರಿ 25ರಿಂದ ಜಾರಿಯಲ್ಲಿವೆ. ಕ್ಲಿನಿಕ್ ನೋಂದಣಿಯಾಗಿರಬೇಕು. ಚಿಕಿತ್ಸೆಗೆ ಮೊದಲು ಫಲಿಸುವ ಸಾಧ್ಯತೆ ಎಷ್ಟು, ಅಪಾಯ ಏನು, ಖರ್ಚು ಎಷ್ಟು ಎಂದು ದಂಪತಿಗೆ ತಿಳಿಸಿ ಹೇಳಬೇಕು. ಐವಿಎಫ್‌ಗೆ ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವರ್ಷದ ಮಿತಿ. ಅಂಡಾಣು ದಾನಿ 23ರಿಂದ 35 ವರ್ಷದವಳಿರಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು. ಬಾಡಿಗೆ ತಾಯಿ ಎಂಬ ಹೆಸರು ಉಳಿದಿದೆ, ಆದರೆ ಬಾಡಿಗೆ ನಿಂತಿದೆ. ಆಸ್ಪತ್ರೆ ಖರ್ಚು ಮತ್ತು 36 ತಿಂಗಳ ವಿಮೆ ಬಿಟ್ಟು ಹಣ ಕೊಡುವಂತಿಲ್ಲ. ಆಕೆ ಮದುವೆಯಾಗಿ, ಸ್ವಂತ ಮಗುವಿರುವ, 25ರಿಂದ 35ರ ಒಳಗಿನವಳಾಗಿರಬೇಕು. ಜೀವನದಲ್ಲಿ ಒಂದೇ ಸಲ.

ಒಂದು ಕಾಲದಲ್ಲಿ ಹೊರದೇಶದವರು ಬಂದು ನಮ್ಮ ಬಡ ಹೆಂಗಸರ ಗರ್ಭವನ್ನು ಬಾಡಿಗೆಗೆ ಹಿಡಿಯುತ್ತಿದ್ದರು. 2008ರಲ್ಲಿ ಗುಜರಾತಿನ ಆಣಂದದಲ್ಲಿ ಜಪಾನಿ ದಂಪತಿಗಾಗಿ ಒಂದು ಮಗು ಹುಟ್ಟಿತು. ಅಷ್ಟರಲ್ಲಿ ದಂಪತಿಗೆ ವಿಚ್ಛೇದನವಾಗಿತ್ತು. ಆ ಕೂಸು ಯಾವ ದೇಶದ್ದು, ಯಾರದು ಎಂದು ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ಅದು ನಿಂತಿದ್ದು ಒಳ್ಳೆಯದೇ. ಆದರೆ ಹಣ ನಿಂತರೆ ಒತ್ತಾಯ ನಿಲ್ಲುತ್ತದೆಯೇ? ಕುಟುಂಬದಲ್ಲಿ ಯಾರ ಗರ್ಭವನ್ನು ಕೇಳುತ್ತಾರೆ? ದೊಡ್ಡ ಸಂಬಳದ ಅತ್ತಿಗೆಯನ್ನು ಕೇಳುವುದಿಲ್ಲ. ಯಾರಿಗೆ ಇಲ್ಲ ಎನ್ನಲು ಆಗುವುದಿಲ್ಲವೋ ಅಂಥ ಬಡ ಸಂಬಂಧಿಯನ್ನು ಕೇಳುತ್ತಾರೆ. ಇನ್ನು ವಿಧವೆ, ವಿಚ್ಛೇದಿತೆಗೆ 35ರಿಂದ 45ರ ತನಕ ಈ ದಾರಿಯನ್ನು ಕಾನೂನು ಕೊಟ್ಟಿದೆ, ಮದುವೆಯೇ ಆಗದ ಹೆಂಗಸಿಗೆ ಕೊಟ್ಟಿಲ್ಲ. ಅದೇ ಹೆಂಗಸು ಐವಿಎಫ್ ಮಾಡಿಸಿಕೊಳ್ಳಬಹುದು. ಈ ವ್ಯತ್ಯಾಸಕ್ಕೆ ಕಾರಣ ಏನೆಂದು ನನಗೆ ಇನ್ನೂ ಹೊಳೆದಿಲ್ಲ.

ಇಂಥ ಮಾತು ಬಂದಾಗಲೆಲ್ಲ ಯಾರಾದರೂ, "ಇದೆಲ್ಲ ನಮ್ಮ ಪುರಾಣದಲ್ಲೇ ಇತ್ತು" ಎನ್ನುತ್ತಾರೆ. ಗಾಂಧಾರಿಯ ನೂರು ಕೊಡ, ದೇವಕಿಯ ಗರ್ಭದಿಂದ ರೋಹಿಣಿಯ ಗರ್ಭಕ್ಕೆ ಹೋದ ಬಲರಾಮ. ಅವು ಪ್ರಯೋಗಾಲಯದ ದಾಖಲೆಗಳಲ್ಲ, ಕಥೆಗಳು. ಆದರೆ ಮಗು ಬೇಕೆಂಬ ಆಸೆ ಎಷ್ಟು ಹಳೆಯದು ಎಂಬುದನ್ನು ಅವು ಹೇಳುತ್ತವೆ. ಇನ್ನೊಂದನ್ನೂ ಹೇಳುತ್ತವೆ. ಗಾಂಧಾರಿಗೆ ನೂರು ಗಂಡುಮಕ್ಕಳು, ಒಬ್ಬಳೇ ದುಶ್ಶಲೆ. ಈ ಲೆಕ್ಕದ ಆಸೆಯೂ ಹಳೆಯದೇ. ಸ್ಕ್ಯಾನಿಂಗ್ ಬಂದಾಗ ಗರ್ಭದ ಮಗುವಿನ ಆರೋಗ್ಯ ನೋಡಲು ಬಂತು, ನಾವು ಹೆಣ್ಣೋ ಗಂಡೋ ನೋಡಲು ಬಳಸಿದೆವು. 1988ರಲ್ಲಿ ದೇಶದಲ್ಲೇ ಮೊದಲು ಇದರ ವಿರುದ್ಧ ಕಾನೂನು ಮಾಡಿದ್ದು ಮಹಾರಾಷ್ಟ್ರ. ಕೇಂದ್ರದ ಕಾಯ್ದೆ 1994ರಲ್ಲಿ ಬಂತು. ಆದರೂ ಜನಗಣತಿ ನೋಡಿ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಮಹಾರಾಷ್ಟ್ರದಲ್ಲಿ 2001ರಲ್ಲಿ 913 ಹೆಣ್ಣುಮಕ್ಕಳಿದ್ದರು, 2011ರಲ್ಲಿ 894. ಕರ್ನಾಟಕದಲ್ಲಿ 946 ಇದ್ದದ್ದು 948 ಆಯಿತು. ಹೆಮ್ಮೆ ಪಡಬೇಡಿ, ಅದೂ ಸಾಲದು. ಕಾನೂನನ್ನು ಮೊದಲು ಮಾಡಿದ ರಾಜ್ಯದಲ್ಲೇ ಹೆಣ್ಣುಮಕ್ಕಳು ಕಡಿಮೆಯಾದರು ಎಂದರೆ ಯಂತ್ರದ ಮುಂದೆ ಕೂತವರ ಮನಸ್ಸು ಬದಲಾಗಿರಲಿಲ್ಲ ಎಂದೇ ಅರ್ಥ. ಐವಿಎಫ್‌ನಲ್ಲೂ ಲಿಂಗ ಆರಿಸುವುದು ಅಪರಾಧ. ಮೂರನೆಯ ಸಲಕ್ಕೆ ಗರ್ಭ ನಿಂತಾಗ ಒಬ್ಬ ಬಂಧುಗಳು, "ಇಷ್ಟು ಖರ್ಚು ಮಾಡೀರಿ, ಗಂಡs ಆಗಲಿ" ಎಂದರು. ಆಗ ಮಾತ್ರ ನಾನು ಸುಮ್ಮನಿರಲಿಲ್ಲ.

ಮಗು ಹೇಗೆ ಹುಟ್ಟಿತು, ಯಾರಿಗೆ ಹುಟ್ಟಿತು ಎಂಬ ಪ್ರಶ್ನೆಗೆ ಉತ್ತರವನ್ನು ಈ ಊರು ಯಾವಾಗಲೋ ಕೊಟ್ಟಿದೆ. 1863ರಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯ ತಮ್ಮ ಮನೆಯಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಬಸುರಾದ ವಿಧವೆಯರು ಗುಟ್ಟಾಗಿ ಬಂದು ಹೆತ್ತು ಹೋಗಬಹುದಿತ್ತು. ಹಾಗೆ ಬಂದ ಕಾಶೀಬಾಯಿ ಎಂಬ ಬ್ರಾಹ್ಮಣ ವಿಧವೆಯ ಮಗನನ್ನು ಮಕ್ಕಳಿಲ್ಲದ ಫುಲೆ ದಂಪತಿ ದತ್ತು ಪಡೆದರು. ಅವನೇ ಯಶವಂತ, ಮುಂದೆ ಡಾಕ್ಟರಾದ. 1897ರ ಪ್ಲೇಗಿನಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ಸಾವಿತ್ರಿಬಾಯಿ ತೀರಿಕೊಂಡರು. ನಮ್ಮ ಮನೆಯಲ್ಲಿ ಮೂರನೆಯ ಪ್ರಯತ್ನಕ್ಕೆ ಮೊದಲು ಅಳಿಯ ದತ್ತಿನ ಮಾತು ಎತ್ತಿದ್ದರು. ಬೇಡ ಎಂದವಳು ನಾನು. 'ನಮ್ಮ ರಕ್ತ' ಎಂದೆ. ಸಸೂನ್ ಆಸ್ಪತ್ರೆಯ ಶ್ರೀವತ್ಸ ಶಿಶುಗೃಹ ನಮ್ಮ ಮನೆಯಿಂದ ಎಷ್ಟು ದೂರ? ದತ್ತು ಎಂಬುದನ್ನು ನಾವು ಎಲ್ಲ ಚಿಕಿತ್ಸೆ ಸೋತ ಮೇಲಿನ ಕೊನೆಯ ಪುಟದಲ್ಲಿ ಇಡುತ್ತೇವೆ. ಅದು ಮೊದಲ ಪುಟದಲ್ಲೇ ಇರಬೇಕಾದದ್ದು.

ಇನ್ನು ಮಗು ಹುಟ್ಟಿದ ಮೇಲಿನ ಮಾತು. ನಮ್ಮ ಮೊಮ್ಮಗಳು 34ನೆಯ ವಾರಕ್ಕೇ ಹುಟ್ಟಿದಳು. 1.8 ಕಿಲೋ. ಐವಿಎಫ್‌ನಲ್ಲಿ ಹೆಚ್ಚು ಭ್ರೂಣ ಬಿಟ್ಟರೆ ಅವಳಿ ತ್ರಿವಳಿ ಆಗುವ ಸಾಧ್ಯತೆ, ಅವಧಿಗೆ ಮೊದಲು ಹೆರಿಗೆಯಾಗುವ ಅಪಾಯ ಎರಡೂ ಹೆಚ್ಚು. ಅದಕ್ಕೇ ಈಗ ತಿಳಿದ ವೈದ್ಯರು ಒಂದೇ ಭ್ರೂಣ ಬಿಡಲು ಹೇಳುತ್ತಾರೆ. 'ಒಂದೇ ಖರ್ಚಿನಲ್ಲಿ ಎರಡಾಗಲಿ' ಎಂದು ಯಾರೂ ಹೇಳಬೇಡಿ. ಎನ್ಐಸಿಯುನಲ್ಲಿ ಗಾಜಿನ ಪೆಟ್ಟಿಗೆ, ತಂತಿ, ಬೀಪ್ ಬೀಪ್ ಸದ್ದು ನೋಡಿ ನನ್ನ ಕೈಕಾಲು ತಣ್ಣಗಾದವು. ಮೂರನೆಯ ದಿನ ನರ್ಸ್ ಅಳಿಯನಿಗೆ ಅಂಗಿ ಬಿಚ್ಚಿ ಕೂರಲು ಹೇಳಿ ಆ ಅಂಗೈ ಅಗಲದ ಕೂಸನ್ನು ಎದೆಗೆ ಕಟ್ಟಿದರು. ಕಾಂಗರೂ ಆರೈಕೆ. ಇದು ಶುರುವಾದದ್ದು 1978ರಲ್ಲಿ, ಅದೇ ಲೂಯಿಸ್ ಮತ್ತು ದುರ್ಗಾ ಹುಟ್ಟಿದ ವರ್ಷ, ಕೊಲಂಬಿಯಾದ ಬೊಗೋಟಾದಲ್ಲಿ. ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾ. ಎಡ್ಗರ್ ರೇ ಎಂಬವರು ಮಕ್ಕಳನ್ನು ತಾಯಂದಿರ ಎದೆಗೆ ಕಟ್ಟಿಸಿದರು. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದರಿಂದ 1.8 ಕಿಲೋ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದರೆ ಸಾವು ಶೇಕಡಾ 25ರಷ್ಟು ಕಡಿಮೆಯಾಗುತ್ತದೆ ಎಂದು ಕಂಡುಬಂತು. ನಮ್ಮ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಹಳ್ಳಿಯ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆ ಕಲಿಸಿದರು. ಉಸಿರು ಎಣಿಸುವುದು, ಬೆಚ್ಚಗಿಡುವುದು, ಬೇಕಾದಾಗ ಇಂಜೆಕ್ಷನ್ ಕೊಡುವುದು. ಆ 39 ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಶೇಕಡಾ 62ರಷ್ಟು ಇಳಿಯಿತು ಎಂದು 1999ರಲ್ಲಿ ಪ್ರಕಟವಾಯಿತು. ದುಬಾರಿಯಾದದ್ದೇ ದೊಡ್ಡ ತಂತ್ರಜ್ಞಾನ ಎಂಬ ನನ್ನ ಬ್ಯಾಂಕಿನ ಬುದ್ಧಿಗೆ ಇದೊಂದು ಪಾಠ.

ಕೂಸು ಮನೆಗೆ ಬಂತು. ಮಗಳು ಕೆಲಸಕ್ಕೆ ಹಿಂತಿರುಗಿದಳು. ಊಟ ಮಾಡಿಸುವ ಪಾಳಿ ನನ್ನದು. ಇಲ್ಲಿಯೂ ಒಂದು ತಪ್ಪೊಪ್ಪಿಗೆ ಇದೆ. ನಾನೇ ಫೋನು ಹಿಡಿಸಿದೆ. ಕನ್ನಡ ಶಿಶುಗೀತೆಗಳು ತಾನೇ, ಪುಣೆಯಲ್ಲಿ ಬೆಳೆಯುವ ಮಗು, ಕನ್ನಡ ಕಿವಿಗೆ ಬೀಳಲಿ ಎಂದು ಸಮಾಧಾನ ಮಾಡಿಕೊಂಡೆ. ಒಂದೂವರೆ ವರ್ಷಕ್ಕೆ ಅವಳಿಗೆ ಜಾಹೀರಾತು ಬಂದರೆ ಎಲ್ಲಿ ಒತ್ತಿ ದಾಟಿಸಬೇಕು ಎಂದು ಗೊತ್ತಿತ್ತು. ಬಾಯಲ್ಲಿ ಮಾತ್ರ ಮೂರು ಶಬ್ದವೂ ಇರಲಿಲ್ಲ. ಮಕ್ಕಳ ಡಾಕ್ಟರು ನಕ್ಕು, "ಆಜೀ, ಫೋನು ಮಾತಾಡುತ್ತದೆ, ಆದರೆ ಉತ್ತರಕ್ಕೆ ಕಾಯುವುದಿಲ್ಲ" ಎಂದರು.

ಆ ಮಾತಿನ ಹಿಂದಿನ ವಿಜ್ಞಾನವನ್ನು ಆಮೇಲೆ ಓದಿದೆ. ಅಮೆರಿಕದ ಪೆಟ್ರೀಷಿಯಾ ಕುಲ್ ಎಂಬ ವಿಜ್ಞಾನಿ 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮನೆಯ ಒಂಬತ್ತು ತಿಂಗಳ ಕೂಸುಗಳಿಗೆ 12 ಸಲ ಚೀನೀ ಭಾಷೆ ಕೇಳಿಸಿದರು. ಒಂದು ಗುಂಪಿನ ಮುಂದೆ ಮನುಷ್ಯರೇ ಕೂತು ಆಡಿಸುತ್ತಾ ಮಾತನಾಡಿದರು. ಇನ್ನೊಂದು ಗುಂಪಿಗೆ ಅದೇ ಮಾತು ಟಿವಿ ಪರದೆಯ ಮೇಲೆ. ಮೊದಲ ಗುಂಪಿನವು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಪರದೆ ನೋಡಿದವು ಏನೂ ಕಲಿಯಲಿಲ್ಲ. ಹುಟ್ಟಿದ ಕೆಲವೇ ದಿನದ ಕೂಸು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತದೆ ಎಂದು 1980ರಲ್ಲೇ ತೋರಿಸಿದ್ದಾರೆ. ಗರ್ಭದಲ್ಲೇ ಕೇಳಿ ಗುರುತು ಹಿಡಿದಿರುತ್ತದೆ. ನಮ್ಮ ಪುಣೆಯಲ್ಲಿ ಗರ್ಭಸಂಸ್ಕಾರದ ತರಗತಿ, ಆ್ಯಪ್ ಎಲ್ಲ ಜೋರಾಗಿವೆ. ಮನಸ್ಸಿಗೆ ಶಾಂತಿ ಸಿಗುವುದಾದರೆ ಹೋಗಲಿ. ಆದರೆ ಹೊಟ್ಟೆಗೆ ಹೆಡ್‌ಫೋನು ಹಚ್ಚಬೇಕಾಗಿಲ್ಲ, ತಾಯಿ ದಿನವೂ ಆಡುವ ಮಾತೇ ಸಾಕು.

ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಮ್ಮ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎರಡು ವರ್ಷದ ತನಕ ಬೇಡ ಎನ್ನುತ್ತದೆ. ಹುಬ್ಬಳ್ಳಿಯ ಅಜ್ಜನ ಜೊತೆ ವಿಡಿಯೋ ಕಾಲ್ ಬೇರೆ ಮಾತು, ಏಕೆಂದರೆ ಅಜ್ಜ ಉತ್ತರಕ್ಕೆ ಕಾಯುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಅದಕ್ಕೆ ವಿನಾಯಿತಿ ಕೊಟ್ಟಿದೆ.

ಫೋನು ನಿಲ್ಲಿಸಿದ ನಾಲ್ಕು ದಿನ ಮನೆ ರಣರಂಗ. ಐದನೆಯ ದಿನ ತಟ್ಟೆ ಹಿಡಿದು ಬಾಲ್ಕನಿಗೆ ಹೋದೆ. ಎದುರಿನ ಮರದಲ್ಲಿ ಕಾಗೆ. "ನೋಡು, ಕಾಗಿ ಬಂತು. ಕಾಗಿಗೆ ಒಂದು ತುತ್ತು, ನಿನಗೊಂದು ತುತ್ತು." ದಿನವೂ ಅದೇ ಮಾತು. ಮೂರನೆಯ ವಾರ ಅವಳೇ ಕೈ ತೋರಿಸಿ, "ಕಾಗಿ" ಎಂದಳು. ಕೆಲಸಕ್ಕೆ ಬರುವ ಮಾವಶಿ ಮರಾಠಿಯಲ್ಲಿ "ಕಾವಳಾ" ಎಂದು ತಿದ್ದಿದರು. ಈಗ ಅವಳಿಗೆ ಎರಡೂ ಬರುತ್ತದೆ, ನನ್ನ ಹತ್ತಿರ ಕಾಗಿ, ಮಾವಶಿಯ ಹತ್ತಿರ ಕಾವಳಾ. ಮಕ್ಕಳಿಗೆ ಎರಡು ಭಾಷೆ ಭಾರವಲ್ಲ. ಆದರೆ ಎರಡನ್ನೂ ಆಡುವ ಮನುಷ್ಯರು ಬೇಕು.

ಕೊನೆಯ ಮಾತು. ಇನ್ನೂ ಎರಡು ಭ್ರೂಣಗಳು ಕ್ಲಿನಿಕ್ಕಿನಲ್ಲಿವೆ. ಪ್ರತಿ ವರ್ಷ ಬ್ಯಾಂಕ್ ಲಾಕರಿನ ಬಾಡಿಗೆಯಂತೆ ಒಂದು ಬಿಲ್ ಬರುತ್ತದೆ. ಕಾನೂನಿನಂತೆ ಹತ್ತು ವರ್ಷ ಇಡಬಹುದು. ಆಮೇಲೆ ಕೊನೆಗೊಳಿಸಬೇಕು, ಇಲ್ಲವೇ ಒಪ್ಪಿಗೆ ಇದ್ದರೆ ಸಂಶೋಧನೆಗೆ ಕೊಡಬೇಕು. ಚಿಕಿತ್ಸೆಯ ದಿನ ಕೊಟ್ಟ ಒಪ್ಪಿಗೆ ಪತ್ರದಲ್ಲಿ ಇದೆಲ್ಲ ಇತ್ತು. ಜೀವನವಿಡೀ ಸಾಲಗಾರರಿಗೆ "ಓದಿ ಸಹಿ ಹಾಕಿ" ಎಂದವಳು ನಾನು, ಆ ದಿನ ಮಗಳಿಗೆ "ಬೇಗ ಹಾಕು, ಡಾಕ್ಟರು ಕಾಯಲಿಕ್ಕತ್ತಾರ" ಎಂದಿದ್ದೆ. ಈಗ ಮಗಳು, ಅಳಿಯ ನಿರ್ಧರಿಸಬೇಕು. ಇನ್ನೊಂದು ಮಗುವೋ, ಇಷ್ಟೇ ಸಾಕೋ. ಆ ಎರಡನ್ನು ಏನೆಂದು ಕರೆಯಬೇಕು, ಮಗುವೆಂದೋ, ಬರೀ ಕಣಗಳೆಂದೋ, ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನ್ನ ಮನಸ್ಸಿನಲ್ಲಿ ಏನಿದೆ ಎಂದು ಅವಳಿಗೆ ಗೊತ್ತು. ಅದಕ್ಕೇ ನಾನು ಬಾಯಿ ಬಿಟ್ಟು ಹೇಳುವುದಿಲ್ಲ. ಅದು ಅವಳ ದೇಹ, ಅವರಿಬ್ಬರ ನಿರ್ಧಾರ. ಇಷ್ಟು ಕಲಿಯಲು ನನಗೆ ಈ ವಯಸ್ಸಾಯಿತು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮದುವೆಯಾದ ಹುಡುಗಿಯರನ್ನು ಸಿಹಿ ಸುದ್ದಿ ಕೇಳಬೇಡಿ, ಇದ್ದರೆ ಅವರೇ ಹೇಳುತ್ತಾರೆ. ಚಿಕಿತ್ಸೆ ಬೇಕಾದರೆ ಇಬ್ಬರನ್ನೂ ಕಳಿಸಿ, ಕಾಗದ ಓದಿ ಸಹಿ ಹಾಕಲು ಹೇಳಿ. ದತ್ತಿನ ಮಾತನ್ನು ಮೊದಲೇ ಆಡಿ. ಮನೆಗೆ ಕೂಸು ಬಂದರೆ, ಅದು ಯಾವ ದಾರಿಯಲ್ಲಿ ಬಂದಿರಲಿ, ಫೋನು ಕೆಳಗಿಟ್ಟು ಅದರೊಂದಿಗೆ ಕನ್ನಡದಲ್ಲಿ ಮಾತನಾಡಿ, ಮಾತನಾಡಿ ಸ್ವಲ್ಪ ಕಾಯಿರಿ.

ಮುಂದೆ ಯಾರಾದರೂ ನಮ್ಮ ಮೊಮ್ಮಗಳ ಬಗ್ಗೆ, "ಯಾವ ಡಾಕ್ಟರೂ ಬೇಕಾಗಲಿಲ್ಲ, ಅಲ್ರೀ?" ಎಂದರೆ ನಾನು "ಬೇಕಾದರು" ಎನ್ನುತ್ತೇನೆ. ಬಹಳ ಜನ ಬೇಕಾದರು. ಎಲ್ಲರಿಗಿಂತ ಹೆಚ್ಚು ಅವಳ ಅವ್ವ ಬೇಕಾದಳು. ಅವಳು ಇವತ್ತು ಕೊನೆಯ ಸಾಲಿನಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಳಿತಿದ್ದಾಳೆ. ಚಹಾದ ಹೊತ್ತಿನಲ್ಲಿ ಹೋಗಿ ಮಾತನಾಡಿಸಿ.